ಕಿವಿಯ ಸಾಕ್ಷಿ, ಮೀಟರಿನ ಸಾಕ್ಷಿ

ಮೈಸೂರು ರಸ್ತೆಯ ದೀಪಾಂಜಲಿ ನಗರದಲ್ಲಿ ನನ್ನ ವಾಸ. ಸಮೀಪದ ಬಿ.ಎಚ್.ಇ.ಎಲ್. ಎಲೆಕ್ಟ್ರಾನಿಕ್ಸ್ ವಿಭಾಗವನ್ನು ಹಳಬರು ಈಗಲೂ ರೆಮ್ಕೋ ಎನ್ನುವುದುಂಟು. ಬಿ.ಎಚ್.ಇ.ಎಲ್. ಸೇರುವ ಮುನ್ನ ಅದು ರೇಡಿಯೋ ಅಂಡ್ ಎಲೆಕ್ಟ್ರಿಕಲ್ಸ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿಯಾಗಿತ್ತು. ಅಲ್ಲಿ ರೇಡಿಯೋಗಳು ತಯಾರಾಗುತ್ತಿದ್ದವು. ಮನೆಯ ಗೋಡೆಯ ಮೇಲೆ ವಿದ್ಯುತ್ತಿನ ಲೆಕ್ಕವಿಡುವ ಮೀಟರುಗಳೂ ತಯಾರಾಗುತ್ತಿದ್ದವು. ಹಾಡುವ ಯಂತ್ರ, ಅಳೆಯುವ ಯಂತ್ರ ಎರಡೂ ಒಂದೇ ಕಂಪನಿಯವು. ಇವುಗಳ ನಡುವಣ ವ್ಯಾಜ್ಯವೇ ನನ್ನ ಇಂದಿನ ವಿಷಯ. ಹಳೆಯ ವಾಲ್ವ್ ರೇಡಿಯೋದ ಮಾಧುರ್ಯ ಟ್ರಾನ್ಸಿಸ್ಟರಿಗೆ ಬರಲಿಲ್ಲ ಎಂದು ಒಬ್ಬರ ವಾದ. ಮೀಟರಿಗೆ ಕಾಣದ ಮಾಧುರ್ಯ ಬರಿಯ ಭ್ರಮೆ ಎಂದು ಇನ್ನೊಬ್ಬರದು.

ಈ ವ್ಯಾಜ್ಯದ ಮೂಲ ರೇಡಿಯೋಗಿಂತ ಹಳೆಯದು. ಮೃದಂಗವನ್ನೇ ತೆಗೆದುಕೊಳ್ಳಿ. ಸುತ್ತ ಬಿಗಿದ ಸಾಮಾನ್ಯ ಚರ್ಮವನ್ನು ಬಡಿದರೆ ಮೂಲಸ್ವರದೊಡನೆ ಅದರ 1.59 ಪಟ್ಟು, 2.14 ಪಟ್ಟು, ಹೀಗೆ ಒಂದಕ್ಕೊಂದು ಹೊಂದದ ಕಂಪನಗಳು ಏಳುತ್ತವೆ. ಅದರಲ್ಲಿ ಶ್ರುತಿ ನಿಲ್ಲದು. ಮೃದಂಗದ ಬಲಮುಖವಾದರೋ ಶ್ರುತಿಗೆ ಕೂಡುತ್ತದೆ. ಇದನ್ನು ಸಿ. ವಿ. ರಾಮನ್ 1920ರಲ್ಲಿಯೇ ಗಮನಕ್ಕೆ ತಂದಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ಅದು ನಿಲ್ಲುವ ಗೆರೆಗಳಲ್ಲಿ ಕಂಪನದ ರೂಪಗಳನ್ನು ಓದಿದರು. ನಡುವಿನ ಕರಣೆಯ ಭಾರದಿಂದ ಒಂಬತ್ತು ಕಂಪನರೂಪಗಳು ಐದು ಸ್ವರಗಳಲ್ಲಿ ಕೂಡಿಕೊಳ್ಳುತ್ತವೆ; ಆ ಐದೂ 1, 2, 3, 4, 5ರ ಪ್ರಮಾಣದಲ್ಲಿ ನಿಲ್ಲುತ್ತವೆ. ಮೃದಂಗ ಕಟ್ಟುವವನ ಕಿವಿ ಎಂದೋ ಕಂಡುಕೊಂಡದ್ದನ್ನು ಅಳತೆ ತಡವಾಗಿ ಕಂಡಿತು, ಕಂಡದ್ದಂತೂ ನಿಜ.

ಆಂಪ್ಲಿಫೈಯರುಗಳ ಚರಿತ್ರೆಯೂ ಹೀಗೆಯೇ. 1960ರ ದಶಕದಲ್ಲಿ ವಾಲ್ವಿನ ಸ್ಥಾನಕ್ಕೆ ಟ್ರಾನ್ಸಿಸ್ಟರು ಬಂದಾಗ ಅನೇಕ ಕೇಳುಗರು ಅದನ್ನು ಕರ್ಕಶವೆಂದರು. ತಯಾರಕರು ಕಾಗದ ತೋರಿಸಿದರು: ವಿಕೃತಿ ಅತ್ಯಲ್ಪ. ಸೋಜಿಗವೆಂದರೆ ಇಬ್ಬರ ಮಾತೂ ಸತ್ಯವಾಗಿರಬಹುದಿತ್ತು. ಅಂದಿನ ಎಷ್ಟೋ ಸರ್ಕ್ಯೂಟುಗಳಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರು ಹೊತ್ತರೆ ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತಿತ್ತು. ಹೊರೆ ಕೈ ಬದಲಾಗುವಲ್ಲಿ ಅಲೆ ತುಸು ಎಡವುತ್ತಿತ್ತು. ಪೂರ್ಣ ಶಕ್ತಿಯಲ್ಲಿ ಅಳೆದರೆ ಈ ಎಡವು ಮುಚ್ಚಿಹೋಗುತ್ತದೆ. ಮೆಲುದನಿಯ ಆಲಾಪನೆಯಲ್ಲಿ ಎದ್ದು ಕೇಳುತ್ತದೆ. ಮೇಲಾಗಿ ವಿಕೃತಿಗಳೆಲ್ಲ ಒಂದೇ ಜಾತಿಯವಲ್ಲ. ಷಡ್ಜಕ್ಕೆ ಅದರ ಎರಡು ಪಟ್ಟಿನ ಕಂಪನ ಬೆರೆತರೆ ಅದು ಮೇಲಿನ ಷಡ್ಜವೇ. ಮೂರು ಪಟ್ಟಿನದು ಪಂಚಮ. ಏಳು ಪಟ್ಟಿನದು ನಮ್ಮ ಯಾವ ಸ್ವರಸ್ಥಾನದಲ್ಲೂ ನೆಟ್ಟಗೆ ಕೂರದು. ಎಲ್ಲವನ್ನೂ ಒಟ್ಟು ಕೂಡಿಸಿ ಒಂದೇ ಶೇಕಡಾವಾರು ಹೇಳಿದರೆ ಕಿವಿಯ ದೂರಿಗೆ ಉತ್ತರ ಸಿಕ್ಕೀತೆ? ಮೇಲಿನ ಕಂಪನಗಳಿಗೆ ಹೆಚ್ಚು ತೂಕ ಕೊಡಬೇಕೆಂದು ಬಿ.ಬಿ.ಸಿ.ಯ ಡಿ. ಇ. ಎಲ್. ಶಾರ್ಟರ್ 1950ರಲ್ಲೇ ಸೂಚಿಸಿದ್ದರು. ತಪ್ಪಿದ್ದು ಮೀಟರಲ್ಲ, ಮೀಟರಿಗೆ ಹಾಕಿದ ಪ್ರಶ್ನೆ.

ಇಷ್ಟರಿಂದ ಕಿವಿಯನ್ನೇ ನ್ಯಾಯಾಧೀಶನನ್ನಾಗಿ ಕೂರಿಸಲಾಗದು. ಮೆಲುದನಿಯಲ್ಲಿ ಕಿವಿ ಮಂದ್ರಸ್ವರಗಳಿಗೆ ಮಂಕಾಗುತ್ತದೆಂದು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಆದುದರಿಂದ ಎರಡು ಯಂತ್ರಗಳಲ್ಲಿ ಒಂದನ್ನು ಕೂದಲೆಳೆಯಷ್ಟು ಗಟ್ಟಿಯಾಗಿ ನುಡಿಸಿದರೂ ಅದೇ ತುಂಬಿದ ನಾದವೆನಿಸುತ್ತದೆ. 1978ರಲ್ಲಿ ಇಂಗ್ಲೆಂಡಿನ ಕ್ವಾಡ್ ಕಂಪನಿಗಾಗಿ ಒಂದು ಪರೀಕ್ಷೆ ನಡೆಯಿತು. ಒಂದು ವಾಲ್ವ್ ಆಂಪ್ಲಿಫೈಯರು, ಎರಡು ಟ್ರಾನ್ಸಿಸ್ಟರಿನವು. ಧ್ವನಿಯ ಮಟ್ಟ ಸಮ ಮಾಡಿ, ಯಾವುದು ನುಡಿಯುತ್ತಿದೆಯೆಂದು ಹೇಳದೆ ಕೇಳಿಸಿದರು. ಪಳಗಿದ ಕೇಳುಗರಿಗೂ ವ್ಯತ್ಯಾಸ ಹಿಡಿಯಲಾಗಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ಇಂಥಲ್ಲಿ ನನಗೆ ನೆನಪಾಗುತ್ತದೆ. ರೇಡಿಯೋದ ಕೊನೆಯ ಬಿಡಿಭಾಗ ಕೇಳುಗನ ಮನಸ್ಸೇ ತಾನೆ!

ಹಾಗಾದರೆ ನಮ್ಮ ಹಿರಿಯರು ಮೆಚ್ಚಿದ ವಾಲ್ವ್ ರೇಡಿಯೋದ ಮಾಧುರ್ಯ ಸುಳ್ಳೆ? ಸುಳ್ಳಲ್ಲವೆಂದೇ ನನ್ನ ತೀರ್ಮಾನ. ಅದರ ಮರದ ಪೆಟ್ಟಿಗೆ ದೊಡ್ಡದು, ಸ್ಪೀಕರೂ ದೊಡ್ಡದು. ಅಂಗೈಯಗಲದ ಟ್ರಾನ್ಸಿಸ್ಟರು ಸೆಟ್ಟು ತಂಬೂರಿಯ ಮಂದ್ರವನ್ನು ನುಡಿಸಲಾರದು. ಒಂಟಿ ವಾಲ್ವಿನ ವಿಕೃತಿಯಲ್ಲಿ ಮೇಲೆ ಹೇಳಿದ ಎರಡು ಪಟ್ಟಿನ ಕಂಪನದ ಪಾಲು ದೊಡ್ಡದು. ಅದು ಷಡ್ಜಕ್ಕೆ ಷಡ್ಜವನ್ನೇ ಸೇರಿಸುತ್ತದೆ. ಇವೆಲ್ಲ ಅಳತೆಗೆ ಸಿಗುವಂಥವೇ. ಬೆಳಗಿನ ಕಾಫಿಯ ಹೊತ್ತಿಗೆ ಮನೆಮಂದಿಯೆಲ್ಲ ಸುತ್ತ ಕೂತು ಕೇಳುತ್ತಿದ್ದ ಸುಖವನ್ನು ಯಾವ ಮೀಟರೂ ತೋರಿಸದು. ಅದನ್ನು ವಾಲ್ವಿನ ಖಾತೆಗೆ ಬರೆಯುವುದೂ ನ್ಯಾಯವಲ್ಲ.

ಕೊನೆಗೆ ತಂತಿಯ ಮಾತು. ಇದರಲ್ಲಿ ದುಡ್ಡಿನ ಪ್ರಶ್ನೆಯಿದೆ. ತಿಂಗಳ ಸಂಬಳವನ್ನೇ ಸ್ಪೀಕರಿನ ಕೇಬಲ್ಲಿಗೆ ಸುರಿಯುವ ತರುಣರನ್ನು ಕಂಡಿದ್ದೇನೆ. ಸ್ಪೀಕರು ಐದು ಮೀಟರು ದೂರವಿದ್ದರೆ ಹೋಗಿಬರುವ ತಾಮ್ರದ ತಂತಿ ಹತ್ತು ಮೀಟರು. ಕರೆಗಂಟೆಗೆ ಹಾಕುವಂಥ, 0.2 ಚದರ ಮಿಲಿಮೀಟರಿನ ತೆಳುತಂತಿಯಾದರೆ ಅದರ ರೋಧ ಸುಮಾರು 0.86 ಓಮ್. ಸ್ಪೀಕರಿನ ರೋಧ ಸ್ವರದಿಂದ ಸ್ವರಕ್ಕೆ 6 ಓಮಿನಿಂದ 30 ಓಮಿನವರೆಗೆ ಏರಿಳಿದರೆ, ಈ ತಂತಿಯಿಂದ ಕೆಲವು ಸ್ವರಗಳು ಉಳಿದವಕ್ಕಿಂತ ಸುಮಾರು 0.9 ಡೆಸಿಬೆಲ್ ಕುಗ್ಗುತ್ತವೆ. ಕಿವಿ ಇದನ್ನು ಗುರುತಿಸಬಲ್ಲದು. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಅದೇ ವ್ಯತ್ಯಾಸ 0.1 ಡೆಸಿಬೆಲ್‌ಗೂ ಕಡಿಮೆ. ಅದರ ನೂರು ಪಟ್ಟು ಬೆಲೆಯ ಕೇಬಲ್ಲಿನಲ್ಲಿ ವೀಣೆಯ ನಾದವೇ ಬೇರೆ ಎನ್ನುವವರಿದ್ದರೆ, ಪರದೆಯ ಮರೆಯಲ್ಲಿ ಎರಡನ್ನೂ ಬದಲಿಸುತ್ತ ಹತ್ತು ಸಲ ಕೇಳಿಸಿ, ಯಾವುದು ಯಾವುದೆಂದು ಹೇಳಿಸಬೇಕು. ಒಂಬತ್ತು ಸಲ ಸರಿಯಾಗಿ ಹೇಳಿದರೋ, ಮೀಟರು ಹಿಡಿದವರು ಮತ್ತೆ ಹುಡುಕಲು ಹೊರಡಬೇಕಾಗುತ್ತದೆ.