ಗರಿಯ ಹಾಸಿಗೆ ಕಲಿಸಿದ ಪಾಠ

ಅಸ್ತಮಾ ರೋಗಕ್ಕೆ ನಮ್ಮಲ್ಲಿ ಉಬ್ಬಸ, ಗೂರಲು, ದಮ್ಮು ಎಂದು ಹೆಸರು ಹಲವು. ಆದರೆ ಈ ಒಂದು ರೋಗದೊಳಗೇ ಹಲವು ಬಗೆಗಳಿವೆ, ಒಬ್ಬರಿಗೆ ಹಿಡಿಸಿದ ಮದ್ದು ಇನ್ನೊಬ್ಬರಿಗೆ ಹಿಡಿಸದು ಎಂಬುದನ್ನು ಆಧುನಿಕ ವೈದ್ಯಶಾಸ್ತ್ರ ಮನಗಾಣಲು ಬಹಳ ಕಾಲ ಹಿಡಿಯಿತು.

1552ರಲ್ಲಿ ಸ್ಕಾಟ್ಲೆಂಡಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಉಬ್ಬಸದಿಂದ ಬಸವಳಿದು, ಇಟಲಿಯ ಹೆಸರಾಂತ ವೈದ್ಯ ಜೆರೊಲಾಮೊ ಕಾರ್ಡಾನೊನನ್ನು ಕರೆಸಿಕೊಂಡ. ಎಡಿನ್‌ಬರೋಗೆ ಬಂದ ಕಾರ್ಡಾನೊ ಅವಸರಪಡಲಿಲ್ಲ. ಕೆಲವು ವಾರ ರೋಗಿಯ ಊಟ, ನಿದ್ರೆ, ದಿನಚರಿಗಳನ್ನು ಗಮನಿಸಿದ. ಬಳಿಕ ಪಥ್ಯ, ವ್ಯಾಯಾಮಗಳ ಜೊತೆಗೆ ಆತ ವಿಧಿಸಿದ ಒಂದು ಬದಲಾವಣೆ ಚರಿತ್ರೆಯಲ್ಲಿ ಉಳಿಯಿತು: ಹಕ್ಕಿಗರಿ ತುಂಬಿದ ಹಾಸಿಗೆಯನ್ನು ತೆಗೆಸಿ, ರೇಷ್ಮೆಯದನ್ನು ಹಾಕಿಸಿದ. ಆರ್ಚ್‌ಬಿಷಪ್ ಚೇತರಿಸಿಕೊಂಡ. ಗರಿ ಮೈಗೆ ಉಷ್ಣವೆಂಬ ಕಾರ್ಡಾನೊನ ಕಾರಣ ಇಂದು ನಿಲ್ಲದು. ಅಲರ್ಜಿಯ ಕಲ್ಪನೆಯೇ ಆಗ ಇರಲಿಲ್ಲ. ಆದರೂ ರೋಗಕ್ಕಿಂತ ರೋಗಿಯನ್ನು ನೋಡಿದ ಆತನ ಕ್ರಮ ಸರಿಯಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಪಾಠವನ್ನು ಮತ್ತೆ ಕಲಿಯಬೇಕಾಯಿತು. 1956ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗವೊಂದು, ದೀರ್ಘಕಾಲದ ಅಸ್ತಮಾಕ್ಕೆ ಕಾರ್ಟಿಸೋನ್‌ನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದಿತು. ಡರ್ಬಿಯ ವೈದ್ಯ ಹ್ಯಾರಿ ಮಾರೋ ಬ್ರೌನ್ ಅಷ್ಟಕ್ಕೆ ಸುಮ್ಮನಾಗದೆ, ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಇಯೊಸಿನೋಫಿಲ್ ಎಂಬ ಬಿಳಿಯ ರಕ್ತಕಣಗಳು ಕಫದಲ್ಲಿದ್ದವರಿಗೆ ಅದೇ ಗುಂಪಿನ ಪ್ರೆಡ್ನಿಸೋಲೋನ್ ಚೆನ್ನಾಗಿ ಹಿಡಿಸುತ್ತದೆ, ಉಳಿದವರಿಗೆ ಇಲ್ಲ ಎಂದು 1958ರಲ್ಲಿ ತೋರಿಸಿಕೊಟ್ಟರು.

ಅರ್ಧ ಶತಮಾನದ ನಂತರ ಇದೇ ಕಥೆ ಮರುಕಳಿಸಿತು. ಈ ಕಣಗಳನ್ನು ತಗ್ಗಿಸುವ ಮೆಪೊಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಬಗೆ ನೋಡದೆ ರೋಗಿಗಳಿಗೆ ಕೊಟ್ಟಾಗ ಹೆಚ್ಚಿನ ಫಲ ಕಾಣಲಿಲ್ಲವೆಂದು 2007ರಲ್ಲಿ ವರದಿಯಾಯಿತು. ಕಣಗಳು ಹೆಚ್ಚಿದ್ದವರನ್ನೇ ಆಯ್ದು ಕೊಟ್ಟಾಗ ಉಬ್ಬಸ ಉಲ್ಬಣಿಸುವುದು ಗಣನೀಯವಾಗಿ ತಗ್ಗಿತೆಂದು 2009ರಲ್ಲಿ ಎರಡು ಅಧ್ಯಯನಗಳು ಹೇಳಿದವು. 2015ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು. ಮದ್ದು ಅದೇ, ಬದಲಾದದ್ದು ಯಾರಿಗೆ ಕೊಡಬೇಕೆಂಬ ತಿಳಿವಳಿಕೆ.

ಇಂಥ ಚುಚ್ಚುಮದ್ದುಗಳ ಬೆಲೆ ಇಂದಿಗೂ ನಮ್ಮ ಸಾಮಾನ್ಯ ಕುಟುಂಬಗಳ ಕೈಗೆಟುಕುವಂಥದ್ದಲ್ಲ. ಆದರೆ ರಕ್ತದಲ್ಲಿ ಈ ಕಣಗಳನ್ನು ಎಣಿಸುವ ಪರೀಕ್ಷೆ ಅಗ್ಗದ್ದು, ಸಣ್ಣ ಊರುಗಳಲ್ಲೂ ಆಗುವಂಥದ್ದು. ರೋಗಿ ಇನ್‌ಹೇಲರನ್ನು ಸರಿಯಾಗಿ ಎಳೆದುಕೊಳ್ಳುತ್ತಿದ್ದಾರೆಯೇ, ಮನೆಯಲ್ಲಿ ಸೌದೆಒಲೆಯ ಹೊಗೆ ತುಂಬುತ್ತಿದೆಯೇ ಎಂದು ವಿಚಾರಿಸಲು ಖರ್ಚೇ ಇಲ್ಲ. ಕಾರ್ಡಾನೊ ಹಾಸಿಗೆಯನ್ನು ನೋಡಿದಂತೆ, ಇದಕ್ಕೆ ಬೇಕಾದದ್ದು ತುಸು ವ್ಯವಧಾನ ಮಾತ್ರ.