ಫ್ಲಾನೆಲ್ ಸುತ್ತಿದ ಪಾದಗಳು

ಹಳೆಯ ಪುಸ್ತಕಗಳಲ್ಲಿ ಹುಡುಕಲು ಹೋಗುವುದು ಒಂದು, ಸಿಗುವುದು ಮತ್ತೊಂದು. ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯ ಜಾನ್ ಹ್ಯಾಸ್ಲಮ್ 1798ರಲ್ಲಿ ಹುಚ್ಚಿನ ಬಗ್ಗೆ ಒಂದು ಪುಸ್ತಕ ಬರೆದ. ಆತ ರೋಗಗಳನ್ನು ಹೇಗೆ ವಿಂಗಡಿಸುತ್ತಾನೆಂದು ನೋಡಲು ಅದನ್ನು ತೆರೆದವಳು ನಾನು. ನಿಂತುಬಿಟ್ಟಿದ್ದು ಪಾದಗಳ ಪ್ರಸ್ತಾಪ ಬಂದಲ್ಲಿ.

ಹುಚ್ಚು ಹಿಡಿದವರಿಗೆ ಚಳಿ ತಾಗುವುದಿಲ್ಲವೆಂದು ಆಗ ಬಹಳ ಜನ ನಂಬಿದ್ದರು. (ಆ ಕಾಲದ ಪದವನ್ನೇ ಬಳಸುತ್ತಿದ್ದೇನೆ.) ಬೆಂಕಿಯಿಲ್ಲದ ಕೋಣೆಯಲ್ಲಿ, ಹುಲ್ಲಿನ ಮೇಲೆ, ಮೈಮೇಲೆ ಬಟ್ಟೆಯೂ ಇಲ್ಲದೆ ಇಡುವುದಕ್ಕೆ ಇದಕ್ಕಿಂತ ಅನುಕೂಲವಾದ ನಂಬಿಕೆ ಇನ್ನೊಂದಿಲ್ಲ. ಹ್ಯಾಸ್ಲಮ್ ಇದನ್ನು ಒಪ್ಪಲಿಲ್ಲ. ಓಡಾಡಲು ಬಿಟ್ಟ ರೋಗಿಗಳು ಚಳಿಗಾಲವಿಡೀ ಬೆಂಕಿಯ ಹತ್ತಿರವೇ ಇರುತ್ತಾರೆ ಎಂದ. ಕಟ್ಟಿಹಾಕಿದವರ ಪಾದಗಳು ಕೊಳೆಯುತ್ತವೆ, ಅಂಥ ಪ್ರಕರಣಗಳು ಹಿಂದೆ ನಡೆದಿದ್ದರಿಂದಲೇ ಆಸ್ಪತ್ರೆಯಲ್ಲಿ ಒಂದು ಖಚಿತ ನಿಯಮವಿದೆ ಎಂದೂ ಬರೆದ: ಚಳಿಗಾಲದಲ್ಲಿ ಕಾವಲಿನವನು ಅಂಥವರ ಪಾದಗಳನ್ನು ಬೆಳಿಗ್ಗೆ, ಸಂಜೆ ಪರೀಕ್ಷಿಸಬೇಕು, ಸದಾ ಫ್ಲಾನೆಲ್ ಸುತ್ತಿರಬೇಕು.

ಎಷ್ಟು ಒಳ್ಳೆಯ ನಿಯಮ! ಆದರೆ ಅದನ್ನು ಇನ್ನೊಮ್ಮೆ ಓದಿ. ಸರಪಳಿ ಬಿಚ್ಚುವ ಮಾತು ಅದರಲ್ಲಿಲ್ಲ. ಚಲನೆಯಿಲ್ಲದ ಕಾಲಿಗೆ ರಕ್ತ ಸರಿಯಾಗಿ ಹರಿಯದು, ಮೇಲಿಂದ ಚಳಿ. ಆ ಸ್ಥಿತಿಯನ್ನು ಹಾಗೆಯೇ ಉಳಿಸಿಕೊಂಡು, ಅದರ ಫಲಕ್ಕಷ್ಟೇ ಬಟ್ಟೆ ಸುತ್ತುವ ಏರ್ಪಾಡು.

1814ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಇದೇ ಬೆಥ್ಲೆಮ್‌ಗೆ ಹೋದ. ಸುಮಾರು ಹತ್ತು ವರ್ಷ ಕಬ್ಬಿಣದ ಪಟ್ಟಿಗಳಲ್ಲಿ ಕಂಬಕ್ಕೆ ಬಂಧಿತನಾಗಿದ್ದ ಜೇಮ್ಸ್ ನಾರಿಸ್‌ನನ್ನು ಆತ ಕಂಡದ್ದು ಆಗಲೇ. ನಾರಿಸ್‌ನ ಚಿತ್ರ ದೇಶವಿಡೀ ಹರಡಿತು, ಇಂದಿಗೂ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಹೆಂಗಸರ ವಿಭಾಗದ ಬಗ್ಗೆ ವೇಕ್‌ಫೀಲ್ಡ್ ಹೇಳಿದ್ದಕ್ಕೆ ಮಾತ್ರ ಅಂಥ ಚಿತ್ರವಿಲ್ಲ. ಅಲ್ಲಿ ಹತ್ತರಷ್ಟು ಹೆಂಗಸರನ್ನು ಒಂದು ಕೈಗೋ ಕಾಲಿಗೋ ಸರಪಳಿ ಹಾಕಿ ಗೋಡೆಗೆ ಬಿಗಿಯಲಾಗಿತ್ತು. ಮೈಮೇಲೆ ಕಂಬಳಿಯ ನಿಲುವಂಗಿ, ಅಷ್ಟೇ. ಪಾದಗಳು ಬರಿದಾಗಿದ್ದವು ಎಂಬುದನ್ನು ಆತ ಮರೆಯದೆ 1815ರ ಸಂಸದೀಯ ಸಮಿತಿಯ ಮುಂದೆ ಹೇಳಿದ. ಹ್ಯಾಸ್ಲಮ್‌ನ ಫ್ಲಾನೆಲ್ ಎಲ್ಲಿ ಹೋಗಿತ್ತೋ! ಮರುವರ್ಷ ಹ್ಯಾಸ್ಲಮ್‌ನೂ ವೈದ್ಯ ಥಾಮಸ್ ಮನ್ರೋನೂ ಕೆಲಸ ಕಳೆದುಕೊಂಡರು.

ಇದು ಇಂಗ್ಲೆಂಡಿನ ಹಳೆಯ ಕಥೆ ಎಂದು ಪುಸ್ತಕ ಮುಚ್ಚಲು ನನಗಾಗಲಿಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಸತ್ತವರು 28 ಜನ. ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. ಸರಪಳಿ ಹಾಕುವುದನ್ನು ನಮ್ಮಲ್ಲಿ ಸ್ಪಷ್ಟ ಮಾತುಗಳಲ್ಲಿ ನಿಷೇಧಿಸಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಅದರ 95ನೇ ಸೆಕ್ಷನ್.

ಸರಪಳಿ ಹೋದ ಮೇಲೂ ಪಾದದ ಕಷ್ಟ ಮುಗಿಯುವುದಿಲ್ಲ. ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳು ತೂಕ ಹೆಚ್ಚಿಸುತ್ತವೆ, ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತವೆ. ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ಕಸಿಯುತ್ತದೆ. ಅಳತೆಗೆ ಕೂಡದ ಚಪ್ಪಲಿ ಕಚ್ಚಿದರೂ, ಬೆಳೆದ ಉಗುರು ಮಾಂಸಕ್ಕೆ ಇಳಿದರೂ ಗೊತ್ತಾಗದು. ನಿಮ್ಮ ಪಾದವನ್ನು ದಿನವೂ ನೋಡಿಕೊಳ್ಳಿ ಎಂದು ವೈದ್ಯರು ಹೇಳುತ್ತಾರೆ. ವರ್ಷಗಟ್ಟಲೆ ವಾರ್ಡಿನಲ್ಲೇ ಇರುವ, ತನ್ನ ಪಾದ ತಾನೇ ನೋಡಿಕೊಳ್ಳದಷ್ಟು ಕುಗ್ಗಿಹೋದ ಮನುಷ್ಯನ ಕಾಲ ಬಳಿ ಬೆಳಿಗ್ಗೆ, ಸಂಜೆ ಯಾರು ಕೂರುತ್ತಾರೆ?