ಬೀದರ್‌ನ ಮೆರುಗು ಬಿಲ್ಲೆ

ಬಹಮನಿ ಮತ್ತು ಬರೀದ್‌ಶಾಹಿ ಕಟ್ಟಡಗಳ ಗೋಡೆಗೆ ಹೊದಿಸಿದ, ಬಣ್ಣದ ಗಾಜುಮೆರುಗಿನ ಸುಟ್ಟ ಬಿಲ್ಲೆಗಳ ಅಲಂಕಾರ. 15ನೇ ಶತಮಾನದ ಮೊದಲರ್ಧದಲ್ಲಿ ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಬಂದ ಮೇಲೆ, ಇರಾನಿನಿಂದ ವಲಸೆ ಬಂದವರ ಮೂಲಕ ಈ ಕಲೆ ಇಲ್ಲಿ ಬೇರೂರಿತು. ಬೀದರ್ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಷಾನ (ಮರಣ 1458) ಗೋರಿಯ ಮುಖದಲ್ಲಿ ಅದರ ಹಳೆಯ ತುಣುಕುಗಳು ಇನ್ನೂ ಅಂಟಿಕೊಂಡಿವೆ.

ಇದರ ಶ್ರೇಷ್ಠ ಮಾದರಿ ಮಹಮೂದ್ ಗವಾನನ ಮದರಸಾ (1472). ಇರಾನಿನ ಗೀಲಾನ್ ಮೂಲದ ಈ ಬಹಮನಿ ಪ್ರಧಾನಮಂತ್ರಿ ತನ್ನ ನಾಡಿನ ವಿದ್ಯಾಲಯಗಳ ಮಾದರಿಯಲ್ಲೇ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿದ. ನೀಲಿ, ಬಿಳಿ, ಹಳದಿ, ಹಸಿರು ಬಿಲ್ಲೆಗಳು ಅದರ ಮುಂಗೋಡೆಯನ್ನು ತುಂಬಿದ್ದವು; ಮಿನಾರಿನ ಮೈಮೇಲೆ ಅವು ಅಂಕುಡೊಂಕು ಪಟ್ಟೆಗಳಾಗಿ ಏರುತ್ತವೆ. ಸುಂದರ ಲಿಪಿಯ ಕುರ್‌ಆನ್ ವಾಕ್ಯಗಳ ಪಟ್ಟಿಯಂತೂ ದಕ್ಖನಿನಲ್ಲಿ ಸರಿಸಾಟಿಯಿಲ್ಲದ್ದು. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ದೊಡ್ಡ ಭಾಗವೂ ಒಂದು ಮಿನಾರೂ ಉರುಳಿದವು. ಬೀದರ್‌ನ ಕಲಾಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಬೀದರ್ ಕೋಟೆಯ ತಖ್ತ್ ಮಹಲ್‌ನಲ್ಲಿ ಬಿಲ್ಲೆಗಳಲ್ಲಿ ಮೂಡಿಸಿದ ಹುಲಿ ಮತ್ತು ಸೂರ್ಯನ ಲಾಂಛನವಿದೆ. ಬರೀದ್‌ಶಾಹಿ ಅರಸ ಅಲಿ ಬರೀದ್ (ಆಳ್ವಿಕೆ 1542–80) ಸಿಂಗರಿಸಿದ ರಂಗೀನ್ ಮಹಲ್‌ನಲ್ಲಿ ಬಿಲ್ಲೆಗಳ ಪಕ್ಕದಲ್ಲೇ ಕರಿಕಲ್ಲಿಗೆ ಕೂಡಿಸಿದ ಮುತ್ತಿನ ಚಿಪ್ಪಿನ ಕೆತ್ತನೆ ಹೊಳೆಯುತ್ತದೆ.

ಬೀದರ್‌ನ ಈ ಮೆರುಗು ಬಿಲ್ಲೆಯನ್ನೂ ಇಂಗ್ಲೆಂಡಿನ ಬೋನ್ ಚೈನಾವನ್ನೂ ಒಂದೇ ಎಂದು ತಿಳಿಯಬಾರದು. ಸುಮಾರು ಅರ್ಧ ಪಾಲು ದನದ ಮೂಳೆಬೂದಿ ಸೇರಿಸುವ ಆ ಪಿಂಗಾಣಿಯನ್ನು ಸ್ಟೋಕ್‌ನ ಸ್ಪೋಡ್ ಕುಟುಂಬ ಹದಗೊಳಿಸಿದ್ದು 18ನೇ ಶತಮಾನದ ಕೊನೆಯಲ್ಲಿ. ಅದರ ಸೊಗಸು ಬೆಳಕು ಹಾಯುವ ತೆಳುಮೈಯಲ್ಲಿದೆ, ಬೀದರ್ ಬಿಲ್ಲೆಯದು ಮೇಲಿನ ಮೆರುಗಿನಲ್ಲಿ.